ನೆನೆಹಾಕಿದ ಅಕ್ಕಿಯ ಲೆಕ್ಕ

ನಮ್ಮ ಬಳಗದ ತಿಂಗಳ ಕೂಟಕ್ಕೆ ಮಾವ ಬರುವುದನ್ನು ನಿಲ್ಲಿಸಿ ನಾಲ್ಕು ತಿಂಗಳಾದ ಮೇಲೆ ತಪ್ಪು ನಮ್ಮದೆಂಬುದು ನಮಗೆ ಅರಿವಾಯಿತು. ಅಲ್ಲಿಯವರೆಗೆ ಅದನ್ನು ಅವರ ಮುನಿಸು ಎಂದೇ ತಿಳಿದಿದ್ದೆವು. ಇದು ನಾವಿಬ್ಬರೂ, ಗಂಡ ಹೆಂಡತಿ, ಒಟ್ಟಿಗೆ ಕುಳಿತು ಬರೆಯುತ್ತಿರುವ ಬರಹ. ಮಾವ ನಮ್ಮಲ್ಲಿ ಒಬ್ಬರಿಗೆ ಸೋದರಮಾವ; ಮದುವೆಯಾಗಿ ಇಪ್ಪತ್ತು ವರ್ಷ ದಾಟಿದ ಮೇಲೆ ಇನ್ನೊಬ್ಬರಿಗೂ ಸೋದರಮಾವನೇ ಆಗಿಹೋಗಿದ್ದಾರೆ. ಹಾಗಾಗಿ ಅವರ ವಿಷಯದಲ್ಲಿ ನಾವು ಮಾಡಿದ ತಪ್ಪನ್ನೂ ಇಬ್ಬರೂ ಹಂಚಿಕೊಂಡೇ ಬರೆಯಬೇಕು.

ಮಾವ ಕುಂದಾಪುರದ ಆಚೆಯ ಒಂದು ಹಳ್ಳಿಯಿಂದ ಹದಿಮೂರನೆಯ ವಯಸ್ಸಿಗೆ ಮುಂಬಯಿಗೆ ಬಂದವರು. ಹಗಲು ಉಡುಪಿ ಹೋಟೆಲಿನಲ್ಲಿ ಮಾಣಿ, ರಾತ್ರಿ ಕನ್ನಡ ರಾತ್ರಿಶಾಲೆಯಲ್ಲಿ ವಿದ್ಯಾರ್ಥಿ. ಆ ತಲೆಮಾರಿನ ಎಷ್ಟೋ ಕರಾವಳಿ ಹುಡುಗರ ಕಥೆಯೇ ಅವರದೂ. ಮೆಟ್ರಿಕ್ ಮುಗಿಸಿದರು, ಮಾಲೀಕರ ವಿಶ್ವಾಸ ಗಳಿಸಿ ಗಲ್ಲಾದಲ್ಲಿ ಕುಳಿತರು, ಕೊನೆಗೆ ಕುರ್ಲಾದಲ್ಲಿ ಸ್ವಂತದ್ದೊಂದು ಸಣ್ಣ ಹೋಟೆಲು ತೆರೆದರು. ರಾತ್ರಿಶಾಲೆ ಅಂಟಿಸಿದ ಓದಿನ ಚಟ ಮಾತ್ರ ಅವರನ್ನು ಬಿಡಲಿಲ್ಲ. ಗಲ್ಲಾದ ಕೆಳಗಿನ ಸೆಳೆಖಾನೆಯಲ್ಲಿ ಒಂದು ಬದಿ ಚಿಲ್ಲರೆ, ಇನ್ನೊಂದು ಬದಿ ಕಾದಂಬರಿ. ನಮ್ಮ ಬಳಗದಲ್ಲಿ ಪುಸ್ತಕಗಳನ್ನು ನಿಜವಾಗಿ ಕೊನೆಯ ಪುಟದವರೆಗೆ ಓದಿ ಬರುವವರು ಯಾರಾದರೂ ಇದ್ದರೆ ಅದು ಅವರೇ.

ಅವರ ಬದುಕನ್ನು ಎರಡಾಗಿ ಸೀಳಿದ ದಿನ 2005ರ ಜುಲೈ 26. ಪುಷ್ಯ ಮಳೆಯ ದಿನಗಳು. ಮುಂಬಯಿಯಲ್ಲಿ ಆ ಕಾಲಕ್ಕೆ ಮಳೆ ಬಂದರೆ ಯಾರೂ ತಲೆಯೆತ್ತಿ ನೋಡುವುದಿಲ್ಲ. ಮಧ್ಯಾಹ್ನದ ಹೊತ್ತಿಗೆ ಸುರಿಯತೊಡಗಿದ ಮಳೆ ನಿಲ್ಲಲಿಲ್ಲ. ಮೀಠಿ ನದಿ ಉಕ್ಕಿ ಕುರ್ಲಾದ ಗಲ್ಲಿಗಳಿಗೆ ನುಗ್ಗಿತು. ಸಂಜೆಯ ವೇಳೆಗೆ ಹೋಟೆಲಿನ ಗಲ್ಲಾ ಮುಳುಗಿತು. ಮಾವ ನಾಲ್ವರು ಮಾಣಿಗಳನ್ನೂ ಅಡುಗೆ ಭಟ್ಟರನ್ನೂ ಅಟ್ಟಕ್ಕೆ ಹತ್ತಿಸಿ, ತಾವೂ ಹತ್ತಿ ಕುಳಿತರು. ಕತ್ತಲಲ್ಲಿ ಕೆಳಗೆ ಅಕ್ಕಿ ಮೂಟೆಗಳು ನೀರು ಕುಡಿದು ಉಬ್ಬಿ ಒಂದೊಂದಾಗಿ ಬಿರಿಯುವ ಸದ್ದು ಕೇಳುತ್ತಿತ್ತಂತೆ. ನಮ್ಮಲ್ಲೊಬ್ಬರು ಆ ರಾತ್ರಿ ದಾದರಿನಿಂದ ರೈಲು ಹಳಿಯ ಗುಂಟ ನಡೆದು ಮರುದಿನ ಮನೆ ಸೇರಿದರು. ಇನ್ನೊಬ್ಬರು ಫೋನು ಸತ್ತ ಮನೆಯಲ್ಲಿ ಕಿಟಕಿ ಬಿಟ್ಟು ಕದಲಲಿಲ್ಲ. ನಮ್ಮದು ಒಂದು ರಾತ್ರಿಯ ಸಂಕಟ. ಮಾವನದು ಹಾಗಲ್ಲ. ಎರಡು ಗ್ರೈಂಡರು, ಉಗ್ರಾಣದ ಸಾಮಾನು, ಲೆಕ್ಕದ ಪುಸ್ತಕ ಎಲ್ಲ ಹೋಗಿ, ಹೋಟೆಲನ್ನು ಮತ್ತೆ ಎಬ್ಬಿಸಲು ಊರಿನ ತೆಂಗಿನ ತೋಟದ ಅರ್ಧ ಭಾಗವನ್ನು ಮಾರಬೇಕಾಯಿತು.

ಆ ದಿನ ಇಪ್ಪತ್ತನಾಲ್ಕು ಗಂಟೆಗಳಲ್ಲಿ ಸಾಂತಾಕ್ರೂಜಿನ ಮಳೆಮಾಪಕದಲ್ಲಿ ದಾಖಲಾದದ್ದು 944 ಮಿ.ಮೀ. ಅದೇ ನಗರದ ದಕ್ಷಿಣ ತುದಿಯ ಕೊಲಾಬಾದಲ್ಲಿ ಸುಮಾರು 74 ಮಿ.ಮೀ. ಎರಡು ಮಾಪಕಗಳ ನಡುವಿನ ದೂರ ಮೂವತ್ತು ಕಿಲೋಮೀಟರೂ ಇಲ್ಲ. ಇಂಥ ಮಳೆ ಬರುತ್ತದೆಂದು ಮುಂಚಿತವಾಗಿ ಯಾರೂ ಹೇಳಿರಲಿಲ್ಲ. ಮಾವನ ಮನಸ್ಸಿನಲ್ಲಿ ಅಂದು ಮುರಿದದ್ದು ಮತ್ತೆ ಕೂಡಲಿಲ್ಲ. "ಆಕಾಶಕ್ಕೆ ಉಪಗ್ರಹ ಬಿಡ್ತಾರೆ. ನನ್ನ ತಲೆಯ ಮೇಲೆ ಎಷ್ಟು ನೀರುಂಟು ಅಂತ ಹೇಳ್ಲಿಕ್ಕೆ ಆಗ್ಲಿಲ್ಲ" ಎನ್ನುತ್ತಿದ್ದರು. ಅಂದಿನಿಂದ ತಜ್ಞ ಎಂಬ ಪದವನ್ನು ಅವರು ತುಸು ತುಟಿ ಓರೆ ಮಾಡದೆ ಉಚ್ಚರಿಸಿದ್ದನ್ನು ನಾವು ಕಂಡಿಲ್ಲ.

ಕೂಟದ ಪ್ರಸಂಗಕ್ಕೆ ಬರುತ್ತೇವೆ. ಆ ಭಾನುವಾರ ಗೆಳೆಯರೊಬ್ಬರು ಬಿಸಿಯೇರುತ್ತಿರುವ ಭೂಮಿಯ ಬಗ್ಗೆ ಒಂದು ಪ್ರಬಂಧ ಓದಿದರು. ಓದು ಮುಗಿದ ಮೇಲೆ ಮಾವ ಅಂಗಿಯ ಜೇಬಿನಿಂದ ಹಳದಿಗಟ್ಟಿದ ಒಂದು ಪತ್ರಿಕೆಯ ತುಣುಕು ತೆಗೆದರು. ಹಿಮಾಲಯದ ಹಿಮನದಿಗಳು 2035ರೊಳಗೆ ಮಾಯವಾಗುತ್ತವೆಂದು ಹೇಳಿದ್ದ ವಿಜ್ಞಾನಿಗಳ ಮಂಡಲಿಯೇ ಅದು ತಪ್ಪೆಂದು ಒಪ್ಪಿಕೊಂಡ ಸುದ್ದಿ ಅದು. "ಇದು ಸುಳ್ಳಾದರೆ ಉಳಿದದ್ದು ಸತ್ಯ ಅಂತ ಹೇಗೆ ನಂಬುದು?" ಎಂದು ಕೇಳಿದರು. ಯಾರೋ ನಕ್ಕರು. ನಮ್ಮಲ್ಲೊಬ್ಬರು, ಯಾರೆಂದು ಇಲ್ಲಿ ಬರೆಯುವುದಿಲ್ಲ, "ಮಾವ, ಇದೆಲ್ಲ ವಿಜ್ಞಾನ. ನಿಮಗೆ ಅರ್ಥವಾಗುವಂಥದ್ದಲ್ಲ, ಬಿಡಿ" ಎಂದುಬಿಟ್ಟೆವು. ಮಾವ ತುಣುಕನ್ನು ಮೊದಲಿನ ಮಡಿಕೆಯಲ್ಲೇ ಮಡಚಿ ಜೇಬಿಗಿಟ್ಟುಕೊಂಡು, ಚಹಾ ಕುಡಿಯದೆ ಎದ್ದು ಹೋದರು.

ಅವರ ಪ್ರಶ್ನೆಗೆ ಆ ದಿನ ನಮ್ಮ ಬಳಿ ಉತ್ತರವಿರಲಿಲ್ಲ. ಅದಕ್ಕಿಂತ ನಾಚಿಕೆಯ ಸಂಗತಿಯೆಂದರೆ, ಆ ಸುದ್ದಿ ನಿಜವೋ ಅಲ್ಲವೋ ಎಂಬುದೂ ನಮಗೆ ಗೊತ್ತಿರಲಿಲ್ಲ. ನಾವು ವಿಜ್ಞಾನವನ್ನು ನಂಬುವವರೆಂದು ಹೇಳಿಕೊಳ್ಳುತ್ತಿದ್ದೆವು. ಆದರೆ ಆ ನಂಬಿಕೆಗೆ ನಾವು ಒಂದು ಪುಟವನ್ನೂ ಓದಿರಲಿಲ್ಲ. ಮಾವನ ಅಪನಂಬಿಕೆಗಾದರೂ ಮುಳುಗಿದ ಉಗ್ರಾಣವೊಂದರ ಆಧಾರವಿತ್ತು. ನಮ್ಮ ನಂಬಿಕೆ, ನಮ್ಮಂಥವರೆಲ್ಲ ನಂಬುತ್ತಾರೆ ಎಂಬುದರಿಂದ ಬಂದದ್ದು. ಹಾಗಾಗಿ ಓದಲು ಕುಳಿತೆವು.

ಮಾವನ ತುಣುಕು ನಿಜವನ್ನೇ ಹೇಳಿತ್ತು. ವಿಶ್ವಸಂಸ್ಥೆಯ ಆಶ್ರಯದ ಐಪಿಸಿಸಿ ಎಂಬ ವಿಜ್ಞಾನಿಗಳ ಮಂಡಲಿ 2007ರಲ್ಲಿ ತನ್ನ ನಾಲ್ಕನೆಯ ವರದಿಯನ್ನು ಹೊರತಂದಿತು. ಅದೇ ವರ್ಷ ನೊಬೆಲ್ ಶಾಂತಿ ಪ್ರಶಸ್ತಿಯಲ್ಲಿ ಪಾಲನ್ನೂ ಪಡೆಯಿತು. ಆ ವರದಿಯ ಎರಡನೆಯ ಸಂಪುಟ ಸಾವಿರ ಪುಟಗಳ ಸಮೀಪದ್ದು. ಅದರ ಏಷ್ಯಾ ಕುರಿತ ಅಧ್ಯಾಯದಲ್ಲಿ, ಈಗಿನ ವೇಗದಲ್ಲಿ ಹಿಮಾಲಯದ ಹಿಮನದಿಗಳು 2035ರ ಹೊತ್ತಿಗೆ ಇಲ್ಲವಾಗುವ ಸಂಭವ ಬಹಳವಿದೆ ಎಂಬ ಮಾತು ಸೇರಿಕೊಂಡಿತ್ತು. ಅದಕ್ಕೆ ಆಧಾರ ಒಂದು ಪರಿಸರ ಸಂಸ್ಥೆಯ 2005ರ ವರದಿ. ಅದರ ಬೆನ್ನು ಹತ್ತಿ ಹೋದರೆ ಸಿಗುವುದು 1999ರ ಒಂದು ಪತ್ರಿಕಾ ಲೇಖನ. ತಜ್ಞರು ಪರಿಶೀಲಿಸಿ ಪ್ರಕಟಿಸಿದ ಸಂಶೋಧನೆ ಎಲ್ಲಿಯೂ ಇರಲಿಲ್ಲ. ಇನ್ನೂ ಒಂದು ವಿಚಿತ್ರ. 1996ರಲ್ಲಿ ಕೋಟ್ಲ್ಯಾಕೋವ್ ಎಂಬ ರಷ್ಯದ ಹಿಮತಜ್ಞರು, ಧ್ರುವಪ್ರದೇಶಗಳ ಹೊರಗಿನ ಹಿಮನದಿಗಳ ವಿಸ್ತಾರ ಐದು ಲಕ್ಷ ಚದರ ಕಿಲೋಮೀಟರಿನಿಂದ ಒಂದು ಲಕ್ಷಕ್ಕೆ ಇಳಿಯಬಹುದೆಂದು ಅಂದಾಜು ಮಾಡಿದ್ದರು. ಅವರು ಹೇಳಿದ ವರ್ಷ 2350. ಅದೇ ಅಂಕಿಗಳು ಐಪಿಸಿಸಿ ವರದಿಯಲ್ಲಿ ಹಿಮಾಲಯದ ಹೆಸರಿನಲ್ಲಿ, 2035 ಎಂಬ ವರ್ಷದೊಂದಿಗೆ ಕಾಣಿಸಿಕೊಂಡವು. ಕಿರಾಣಿ ಚೀಟಿಯಲ್ಲಿ ಅಂಕಿ ಅದಲುಬದಲಾದರೆ ಮಾವ ಹಿಡಿಯುತ್ತಿದ್ದರು. ಇಲ್ಲಿ ಎರಡು ವರ್ಷ ಅದು ಯಾರ ಕೈಗೂ ಸಿಗದೆ ಉಳಿಯಿತು.

2009ರ ನವೆಂಬರಿನಲ್ಲಿ ಅಂದಿನ ಪರಿಸರ ಸಚಿವ ಜೈರಾಮ್ ರಮೇಶ್ ಅವರು, ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯಲ್ಲಿ ಹಿರಿಯ ಹುದ್ದೆಯಲ್ಲಿದ್ದು ನಿವೃತ್ತರಾಗಿದ್ದ ವಿ.ಕೆ. ರೈನಾ ಅವರ ಒಂದು ಚರ್ಚಾಪತ್ರವನ್ನು ಬಿಡುಗಡೆ ಮಾಡಿದರು. ನಮ್ಮ ಹಿಮನದಿಗಳು ಅಸಹಜವಾಗಿ ಕರಗುತ್ತಿರುವುದಕ್ಕೆ ಸಾಕ್ಷ್ಯ ಸಾಲದು ಎಂಬುದು ಅದರ ವಾದ. ಐಪಿಸಿಸಿಯ ಅಂದಿನ ಅಧ್ಯಕ್ಷ ರಾಜೇಂದ್ರ ಪಚೌರಿಯವರು ಅದನ್ನು ಮಾಟಮಂತ್ರದ ವಿಜ್ಞಾನ ಎಂಬರ್ಥದ ಮಾತಿನಿಂದ ತಳ್ಳಿಹಾಕಿದರು. ಎರಡು ತಿಂಗಳಾಗುವಷ್ಟರಲ್ಲಿ, 2010ರ ಜನವರಿ 20ರಂದು, ಐಪಿಸಿಸಿ ತನ್ನ 2035ರ ಮಾತಿಗೆ ತಕ್ಕ ಆಧಾರವಿರಲಿಲ್ಲವೆಂದು ಹೇಳಿ ವಿಷಾದ ವ್ಯಕ್ತಪಡಿಸಿತು. ಇದನ್ನು ಓದಿದಾಗ ನಮ್ಮ ಕೂಟದಲ್ಲಿ ಆಡಿದ ಆ ಮಾತು ನೆನಪಾಗಿ ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆವು. ಪ್ರಶ್ನೆ ಕೇಳಿದವರನ್ನು ನಗೆಯಾಡಿ ಕೂರಿಸುವ ಚಾಳಿ ದೊಡ್ಡವರಿಗೂ ಇದೆ, ನಮಗೂ ಇದೆ.

ಆದರೆ ಕಥೆಯ ಉಳಿದ ಭಾಗ ಮಾವನ ತುಣುಕಿನಲ್ಲಿ ಇರಲಿಲ್ಲ. ಆ ತಪ್ಪನ್ನು ಹಿಡಿದವರು ಯಾರು? ಕೆನಡಾದ ಟ್ರೆಂಟ್ ವಿಶ್ವವಿದ್ಯಾಲಯದ ಗ್ರಹಾಂ ಕೊಗ್ಲಿ, ಆಸ್ಟ್ರಿಯಾದ ಜಾರ್ಜ್ ಕಾಸರ್ ಮೊದಲಾದವರು, ಎಲ್ಲರೂ ಹಿಮನದಿಗಳನ್ನೇ ಅಳೆದು ಬದುಕು ಕಳೆದವರು. ಕಾಸರ್ ಅವರಂತೂ ಅದೇ ವರದಿಯ ಇನ್ನೊಂದು ಸಂಪುಟದ ಲೇಖಕರಲ್ಲೊಬ್ಬರು. ಪ್ರಕಟಣೆಗೆ ಮುಂಚೆಯೇ ತಾವು ಎಚ್ಚರಿಸಿದ್ದಾಗಿ ಹೇಳಿದರು. ಕರಡನ್ನು ಪರಿಶೀಲಿಸಿದವರಲ್ಲಿ ಕೆಲವರು ಆ ವಾಕ್ಯಕ್ಕೆ ಆಧಾರ ಕೇಳಿದ್ದೂ ದಾಖಲೆಯಲ್ಲಿದೆ. ಅಂದರೆ ಮನೆಯೊಳಗೇ ಕೇಳಿದ ಪ್ರಶ್ನೆಗೆ ಮನೆಯವರು ಕಿವಿಗೊಡಲಿಲ್ಲ. ಹಗರಣದ ನಂತರ ಜಗತ್ತಿನ ವಿಜ್ಞಾನ ಅಕಾಡೆಮಿಗಳ ಸಮಿತಿಯೊಂದು ಐಪಿಸಿಸಿಯ ಕಾರ್ಯವಿಧಾನವನ್ನೇ ಪರೀಕ್ಷಿಸಿ 2010ರಲ್ಲಿ ಸುಧಾರಣೆಗಳನ್ನು ಸೂಚಿಸಿತು. ಇನ್ನು ಹಿಮನದಿಗಳ ಮಾತು. ಹಳೆಯ ಗೂಢಚಾರ ಉಪಗ್ರಹಗಳ ಚಿತ್ರಗಳನ್ನು ಹೊಸ ಚಿತ್ರಗಳೊಡನೆ ಹೋಲಿಸಿ 2019ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, 1975ರಿಂದ 2000ದವರೆಗಿನ ಅವಧಿಗಿಂತ 2000ದ ನಂತರದ ಹದಿನಾರು ವರ್ಷಗಳಲ್ಲಿ ಹಿಮಾಲಯದ ಹಿಮ ಕರಗುವ ವೇಗ ದುಪ್ಪಟ್ಟಾಗಿದೆ. ಅದೇ ವರ್ಷ ಕಠ್ಮಂಡುವಿನ ಐಸಿಮಾಡ್ ಸಂಸ್ಥೆ ಹೊರತಂದ ವರದಿ, ಜಗತ್ತಿನ ಬಿಸಿ 1.5 ಡಿಗ್ರಿಗೆ ನಿಂತರೂ ಹಿಂದೂಕುಶ್ ಹಿಮಾಲಯದ ಹಿಮದ ಮೂರನೆಯ ಒಂದು ಭಾಗ ಈ ಶತಮಾನದ ಕೊನೆಗೆ ಹೋಗುತ್ತದೆಂದು ಹೇಳಿತು. 2035 ತಪ್ಪು. ಕರಗುತ್ತಿರುವುದು ತಪ್ಪಲ್ಲ.

ಇಷ್ಟನ್ನು ಒಂದು ನೋಟ್ ಪುಸ್ತಕದಲ್ಲಿ ಬರೆದುಕೊಂಡು ಒಂದು ಬುಧವಾರ ಮಧ್ಯಾಹ್ನ, ಗಿರಾಕಿಗಳು ಕಡಿಮೆ ಇರುವ ಹೊತ್ತು ನೋಡಿ, ಕುರ್ಲಾಕ್ಕೆ ಹೋದೆವು. ಮಾವ ನಮ್ಮನ್ನು ನೋಡಿ ಏನೂ ನಡೆದೇ ಇಲ್ಲವೆಂಬಂತೆ "ಬನ್ನಿ, ಕೂತ್ಕೊಳ್ಳಿ" ಎಂದು ಎರಡು ಬನ್ಸು, ಎರಡು ಕಾಫಿ ಹೇಳಿದರು. ನಾವು ಕ್ಷಮೆ ಕೇಳಿದೆವು. ಅದನ್ನು ಅವರು ಕೇಳಿಸಿಕೊಂಡರೋ ಇಲ್ಲವೋ ತಿಳಿಯಲಿಲ್ಲ. "ಎಂತ ಬರ್ಕೊಂಡು ಬಂದಿದ್ದೀರಿ? ಓದಿ" ಎಂದರು.

ಓದಿದೆವು. ಕೊನೆಯವರೆಗೂ ಕೇಳಿದರು. ಆಮೇಲೆ, "ನಾಳೆ ಮಳೆ ಬರ್ತದಾ ಅಂತ ಸರಿಯಾಗಿ ಹೇಳ್ಲಿಕ್ಕೆ ಆಗದವರು ನೂರು ವರ್ಷ ಆದ್ಮೇಲಿನ ಹವಾಮಾನ ಹೇಳ್ತಾರಾ?" ಎಂದು ಕೇಳಿದರು. ಈ ಪ್ರಶ್ನೆಗೆ ಪುಸ್ತಕಗಳಲ್ಲಿ ಉತ್ತರವಿದೆ, ನಾವು ಓದಿಕೊಂಡೂ ಹೋಗಿದ್ದೆವು. ಆದರೆ ಅದನ್ನು ಹೇಳುವ ಮೊದಲು ಒಳಗಿನಿಂದ ಭಟ್ಟರು ಬಂದು, ನಾಳೆಗೆ ಎಷ್ಟು ನೆನೆಹಾಕಲಿ ಎಂದು ಕೇಳಿದರು. ಮಾವ ಕ್ಷಣವೂ ಯೋಚಿಸದೆ, "ಇಪ್ಪತ್ತು ಸೇರು. ಶನಿವಾರ ರಾತ್ರಿ ಮೂವತ್ತು" ಎಂದರು. ನಮ್ಮಲ್ಲೊಬ್ಬರು, "ಮಾವ, ನಾಳೆ ಎಂಟು ಗಂಟೆಗೆ ಯಾರು ಬರುತ್ತಾರೆ, ಇಡ್ಲಿ ತಿನ್ನುತ್ತಾರೋ ದೋಸೆ ತಿನ್ನುತ್ತಾರೋ ಹೇಳಿ ನೋಡೋಣ" ಎಂದೆವು.

"ಅದು ಹೇಗೆ ಹೇಳುದು ಮಾರಾಯ್ರೆ?"

"ಮತ್ತೆ ಇಪ್ಪತ್ತು ಸೇರು ಹೇಗೆ ಹೇಳಿದಿರಿ?"

ಮಾವ ಕನ್ನಡಕದ ಮೇಲಿಂದ ನಮ್ಮನ್ನು ನೋಡಿದರು. ಸ್ವಲ್ಪ ಹೊತ್ತಿನ ಮೇಲೆ ಅವರ ಮುಖದಲ್ಲಿ ಒಂದು ಬೇರೆಯೇ ನೆನಪು ಹಾದುಹೋದಂತೆ ಕಂಡಿತು. "ನಮ್ಮ ರಾತ್ರಿಶಾಲೆಯ ಭೂಗೋಳದ ಮೇಷ್ಟ್ರು ಹೇಳ್ತಿದ್ರು. ಹವಾಮಾನ ಇವತ್ತಿನದ್ದು, ವಾಯುಗುಣ ಹಲವು ವರ್ಷದ್ದು. ಎರಡನ್ನೂ ಒಂದೇ ಅಂತ ಬರೆದ್ರೆ ಮಾರ್ಕು ಇಲ್ಲ" ಎಂದರು.

ಆ ಮಾತು ನಮ್ಮನ್ನು ಬೆಚ್ಚಿಬೀಳಿಸಿತು. ಕನ್ನಡದ ಭೂಗೋಳ ಪಠ್ಯಗಳಲ್ಲಿ ಈ ಎರಡು ಪದಗಳು ಇಂದಿಗೂ ಬೇರೆಬೇರೆಯಾಗಿಯೇ ಇವೆ. ಆದರೆ ನಮ್ಮ ಪತ್ರಿಕೆಗಳಲ್ಲಿ ನಾಳೆಯ ಮಳೆಗೂ ಹವಾಮಾನ, ನೂರು ವರ್ಷಗಳ ಬಿಸಿಗೂ ಹವಾಮಾನ ಬದಲಾವಣೆ. ಕನ್ನಡದ ಓದುಗರೊಬ್ಬರು ತಮ್ಮ ಉಗ್ರಾಣ ಮುಳುಗಿಸಿದ ಹವಾಮಾನದ ಮುನ್ಸೂಚನೆಯನ್ನು ನಂಬದಿದ್ದರೆ, ಹವಾಮಾನ ಬದಲಾವಣೆ ಎಂಬ ಮಾತನ್ನೂ ಅದೇ ಅಂಗಡಿಯ ಸರಕೆಂದು ತಿಳಿಯುವುದರಲ್ಲಿ ಆಶ್ಚರ್ಯವೇನು? ಪದ ಬಳಸುವುದನ್ನೇ ಕಸುಬು ಮಾಡಿಕೊಂಡ ನಮ್ಮ ಬಳಗಕ್ಕೆ ಇದು ಹೊಳೆದಿರಲಿಲ್ಲ. ರಾತ್ರಿಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬರಿಗೆ ನೆನಪಿತ್ತು.

ವಾಯುಗುಣದ ಭವಿಷ್ಯವನ್ನು ಪರೀಕ್ಷಿಸುವುದು ಹೇಗೆ ಎಂಬುದು ಮಾವನ ಮುಂದಿನ ಪ್ರಶ್ನೆ. ನ್ಯಾಯವಾದ ಪ್ರಶ್ನೆ. ನಾಳೆಯ ಮಳೆಯ ಮಾತು ಸರಿಯೋ ತಪ್ಪೋ ನಾಳೆಯೇ ತಿಳಿಯುತ್ತದೆ. ಐವತ್ತು ವರ್ಷದ ಮಾತನ್ನು ನೋಡಲು ಐವತ್ತು ವರ್ಷ ಕಾಯಬೇಕು. ಆದರೆ ಹಳೆಯ ಮಾತುಗಳಿಗೆ ಈಗ ಐವತ್ತು ವರ್ಷ ತುಂಬಿದೆ. 1896ರಲ್ಲಿ ಸ್ವೀಡನ್ನಿನ ಅರೀನಿಯಸ್, ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ದುಪ್ಪಟ್ಟಾದರೆ ಭೂಮಿ ಐದಾರು ಡಿಗ್ರಿ ಬಿಸಿಯಾಗುತ್ತದೆಂದು ಕೈಲೆಕ್ಕ ಹಾಕಿದರು. ಅಂಕಿ ತುಸು ಹೆಚ್ಚಾಯಿತು, ದಿಕ್ಕು ಸರಿಯಿತ್ತು. ಅಷ್ಟು ಅನಿಲ ಸೇರಲು ಸಾವಿರಾರು ವರ್ಷ ಬೇಕೆಂದು ಅವರು ಎಣಿಸಿದ್ದರು. ಅದು ಪೂರ್ತಿ ತಪ್ಪಾಯಿತು. 1958ರಲ್ಲಿ ಹವಾಯಿ ದ್ವೀಪದ ಪರ್ವತದ ಮೇಲೆ ಚಾರ್ಲ್ಸ್ ಕೀಲಿಂಗ್ ಅಳೆಯತೊಡಗಿದಾಗ ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಸುಮಾರು 315 ಭಾಗವಿದ್ದ ಆ ಅನಿಲ ಈಗ 420ನ್ನು ದಾಟಿದೆ. 1972ರಲ್ಲಿ ಬ್ರಿಟನ್ನಿನ ಜೆ.ಎಸ್. ಸಾಯರ್, ಶತಮಾನದ ಅಂತ್ಯದೊಳಗೆ ಭೂಮಿ ಸುಮಾರು 0.6 ಡಿಗ್ರಿ ಬಿಸಿಯಾಗುತ್ತದೆಂದು ಬರೆದರು. ಆಗ ಉತ್ತರಾರ್ಧಗೋಳ ಕೆಲವು ದಶಕಗಳಿಂದ ತುಸು ತಣ್ಣಗಾಗುತ್ತಿತ್ತು. ಹಾಗಾಗಿ ಅದು ಗಾಳಿ ಬಂದ ಕಡೆ ತೂರಿದ ಮಾತಲ್ಲ. ಬಿಸಿಯಾದದ್ದು ಹೆಚ್ಚುಕಡಿಮೆ ಅಷ್ಟೇ. 1970ರಿಂದ 2007ರವರೆಗೆ ಪ್ರಕಟವಾಗಿದ್ದ ಹದಿನೇಳು ಅಂದಾಜುಗಳನ್ನು ಇತ್ತೀಚೆಗೆ ಸಂಶೋಧಕರು ತೆಗೆದು ನೋಡಿದರು. ನಿಜವಾಗಿ ಹೊರಬಿದ್ದ ಹೊಗೆಯ ಲೆಕ್ಕ ಹಿಡಿದರೆ ಅವುಗಳಲ್ಲಿ ಹದಿನಾಲ್ಕು ನಡೆದದ್ದಕ್ಕೆ ಹೊಂದಿದವು. ಮೂರು ಹೊಂದಲಿಲ್ಲ. "ಹದಿನೇಳರಲ್ಲಿ ಹದಿನಾಲ್ಕಾ? ನನ್ನ ಅಕ್ಕಿಯ ಲೆಕ್ಕವೂ ಅಷ್ಟು ಸರಿ ಇಲ್ಲ" ಎಂದು ಮಾವ ನಕ್ಕರು.

ಆ ನಗೆಯಿಂದ ಧೈರ್ಯ ತಂದುಕೊಂಡು ನಾವು ಒಂದು ಹೆಜ್ಜೆ ಹೆಚ್ಚೇ ಇಟ್ಟೆವು. ಬಿಸಿ ಏರಿದ್ದಕ್ಕೆ ನಿಮ್ಮ ಹಿಟ್ಟೇ ಸಾಕ್ಷಿಯಲ್ಲವೇ, ಮೊದಲಿಗಿಂತ ಬೇಗ ಹುಳಿ ಬರುತ್ತದೆಂದು ನೀವೇ ಹೇಳುತ್ತಿದ್ದಿರಲ್ಲ ಎಂದೆವು. ಮಾವ ತಕ್ಷಣ ತಲೆಯಾಡಿಸಿದರು. "ಅದು ನಿಮ್ಮ ಭೂಮಿಯ ಬಿಸಿ ಅಲ್ಲ. ಹಿಂದಿನ ಕಟ್ಟಡದವರ ಏಸಿಯ ಬಿಸಿಗಾಳಿ ನೇರ ಅಡುಗೆಮನೆಗೆ ಬರ್ತದೆ. ಸಿಕ್ಕಿದ್ದನ್ನೆಲ್ಲ ಸಾಕ್ಷಿ ಮಾಡ್ಬೇಡಿ." ಹವಾಮಾನ ಬದಲಾವಣೆಯನ್ನು ನಂಬದವರೆಂದು ನಾವು ತಿಳಿದಿದ್ದ ಮನುಷ್ಯ ನಮಗಿಂತ ಎಚ್ಚರದ ವಿಜ್ಞಾನಿಯಾಗಿದ್ದರು.

ಅವರ ಬಳಿ ಇನ್ನೂ ಎರಡು ತಕರಾರುಗಳಿದ್ದವು. ಮೊದಲನೆಯದು, "ಗಟಾರ ಬಳಿಯದವರು ಈಗ ಭೂಮಿ ಬಿಸಿಯಾಯ್ತು ಅಂತಾರೆ. ಯಾರ ತಪ್ಪೂ ಅಲ್ಲದ ಹಾಗೆ ಆಯ್ತಲ್ಲ?" ಇದಕ್ಕೆ ನಾವು ವಾದಿಸಲಿಲ್ಲ. 2005ರ ಪ್ರವಾಹದ ನಂತರ ಮಾಧವರಾವ್ ಚಿತಳೆ ಅವರ ನೇತೃತ್ವದ ಸಮಿತಿ ಸತ್ಯಶೋಧನೆ ಮಾಡಿದಾಗ ನೋಡಬೇಕಾಗಿ ಬಂದದ್ದು ಆಕಾಶವನ್ನಷ್ಟೇ ಅಲ್ಲ. ಕಿರಿದಾದ ಮೀಠಿಯನ್ನು, ಹಳೆಯ ಚರಂಡಿಗಳನ್ನು, ತುಂಬಿಹೋದ ಕಾಂಡ್ಲಾ ಕಾಡುಗಳನ್ನು. ಒಂದು ದಿನದ ಮಳೆಯನ್ನು ಎತ್ತಿ ಇದು ಬಿಸಿಯೇರಿಕೆಯಿಂದಲೇ ಬಂತೆಂದು ಹೇಳಲು ಜವಾಬ್ದಾರಿಯುತ ವಿಜ್ಞಾನಿಗಳು ಹಿಂಜರಿಯುತ್ತಾರೆ. ಅವರು ಹೇಳುವುದು ಬೇರೆ. ಪುಣೆಯ ಉಷ್ಣವಲಯದ ಹವಾಮಾನ ಸಂಸ್ಥೆಯ ಬಿ.ಎನ್. ಗೋಸ್ವಾಮಿ ಮತ್ತು ಸಂಗಡಿಗರು 1951ರಿಂದ 2000ದವರೆಗಿನ ಮಧ್ಯಭಾರತದ ಮಳೆಯ ದಾಖಲೆಗಳನ್ನು ಪರಿಶೀಲಿಸಿ 2006ರಲ್ಲಿ ಕಂಡದ್ದು ಇಷ್ಟು: ಒಟ್ಟು ಮುಂಗಾರು ಹೆಚ್ಚುಕಡಿಮೆ ಅಷ್ಟೇ ಇದೆ, ಹದವಾದ ಮಳೆ ಕಡಿಮೆಯಾಗುತ್ತಿದೆ, ಜಡಿದು ಬೀಳುವ ಮಳೆ ಹೆಚ್ಚುತ್ತಿದೆ. ಪುಣೆಯ ಉಷ್ಣವಲಯದ ಹವಾಮಾನ ಸಂಸ್ಥೆಯ ರಾಕ್ಸಿ ಮ್ಯಾಥ್ಯೂ ಕೋಲ್ ಮತ್ತು ಸಂಗಡಿಗರು 2017ರಲ್ಲಿ, ಅಂಥ ವ್ಯಾಪಕ ಅತಿಮಳೆಯ ಘಟನೆಗಳು 1950ರಿಂದ 2015ರೊಳಗೆ ಮೂರು ಪಟ್ಟಾಗಿವೆ ಎಂದು ತೋರಿಸಿದರು. ಅತಿಮಳೆ ಹೆಚ್ಚಾಗುವುದು ತಿಳಿದ ಮೇಲೂ ಗಟಾರ ಬಳಿಯದಿದ್ದರೆ ತಪ್ಪು ಇನ್ನೂ ದೊಡ್ಡದಾಗುತ್ತದೆಯೇ ಹೊರತು ಮಾಫಿಯಾಗುವುದಿಲ್ಲ. ಈ ವಾಕ್ಯವನ್ನು ಮಾವ ಎರಡು ಸಲ ಓದಿಸಿಕೊಂಡರು.

ಎರಡನೆಯ ತಕರಾರು, "ಹೊಗೆ ಬಿಟ್ಟವರು ಅವರು, ಬುದ್ಧಿ ಹೇಳುದು ನಮಗೆ." ಇದೂ ಹಳೆಯ ಮತ್ತು ಗೌರವದ ಅನುಮಾನವೇ. 1990ರಲ್ಲಿ ಅಮೆರಿಕದ ಸಂಸ್ಥೆಯೊಂದು ನಮ್ಮ ಗದ್ದೆಗಳ, ದನಗಳ ಮೀಥೇನನ್ನೂ ಸೇರಿಸಿ ಲೆಕ್ಕ ಹಾಕಿ ಭಾರತವನ್ನು ದೊಡ್ಡ ಮಾಲಿನ್ಯಕಾರರ ಸಾಲಿನಲ್ಲಿ ನಿಲ್ಲಿಸಿದಾಗ, ದೆಹಲಿಯ ಅನಿಲ್ ಅಗರ್ವಾಲ್ ಮತ್ತು ಸುನೀತಾ ನಾರಾಯಣ್ 1991ರಲ್ಲಿ ಅದನ್ನು ಖಂಡಿಸಿ ಬರೆದರು. ಹೊಟ್ಟೆಪಾಡಿನ ಹೊಗೆಯನ್ನೂ ಭೋಗದ ಹೊಗೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯ ಎಂಬುದು ಅವರ ವಾದ. ಗಮನಿಸಬೇಕಾದದ್ದೆಂದರೆ, ಅವರು ಭೂಮಿ ಬಿಸಿಯಾಗುತ್ತಿಲ್ಲ ಎನ್ನಲಿಲ್ಲ. ಲೆಕ್ಕದ ಪುಸ್ತಕ ತೆರೆದು ಅಂಕಿಯನ್ನು ಪ್ರಶ್ನಿಸಿದರು. ಅನುಮಾನದಲ್ಲಿ ಹಾಗೆ ಎರಡು ಬಗೆ. ಇನ್ನೊಂದು ಬಗೆಯ ಅನುಮಾನಕ್ಕೆ ಲೆಕ್ಕ ನೋಡುವುದೇ ಬೇಡ. ಅಮೆರಿಕದ ತೈಲ ಕಂಪನಿ ಎಕ್ಸಾನಿನ ಸ್ವಂತ ವಿಜ್ಞಾನಿಗಳು 1977ರಿಂದಲೂ ಬಿಸಿಯೇರಿಕೆಯನ್ನು ಅಂದಾಜು ಮಾಡುತ್ತಿದ್ದರು. ದಶಕಕ್ಕೆ ಸುಮಾರು 0.2 ಡಿಗ್ರಿ ಎಂಬ ಅವರ ಲೆಕ್ಕ ಬಹಳ ಮಟ್ಟಿಗೆ ನಿಜವಾಯಿತೆಂದು 2023ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿದೆ. ಅದೇ ಕಂಪನಿ ಹೊರಗೆ ವರ್ಷಗಟ್ಟಲೆ, ವಿಜ್ಞಾನ ಇನ್ನೂ ಖಚಿತವಿಲ್ಲ ಎಂದು ಹೇಳುತ್ತ ಬಂತು. ಸಿಗರೇಟು ಕಂಪನಿಗಳು ಮೊದಲೇ ತುಳಿದಿದ್ದ ದಾರಿ ಅದು. ಮಾವ ಕೇಳಿದ್ದು ಒಂದೇ ಮಾತು: "ಒಳಗಿನ ಪುಸ್ತಕ ಒಂದು, ಹೊರಗಿನ ಪುಸ್ತಕ ಒಂದಾ?" ವ್ಯಾಪಾರಿಗೆ ಅದನ್ನು ವಿವರಿಸಬೇಕಾಗಲಿಲ್ಲ.

ಹೊರಡುವಾಗ ಗಲ್ಲಾದ ಹಿಂದಿನ ಗೋಡೆ ಕಣ್ಣಿಗೆ ಬಿತ್ತು. ದೇವರ ಪಟದ ಕೆಳಗೆ, ಪಂಚಾಂಗದ ಪಕ್ಕ, ಮಳೆಗಾಲದ ನಾಲ್ಕು ತಿಂಗಳ ಉಬ್ಬರದ ಪಟ್ಟಿ ಅಂಟಿಸಿತ್ತು. ನಾಲ್ಕೂವರೆ ಮೀಟರು ದಾಟುವ ದಿನಗಳಿಗೆ ಕೆಂಪು ಗೆರೆ. ಇದನ್ನು ಯಾರು ಲೆಕ್ಕ ಹಾಕುತ್ತಾರೆ ಗೊತ್ತೇ ಎಂದು ನಾವು ಕೇಳಬಹುದಿತ್ತು. ಕೇಳಲಿಲ್ಲ. ಅವರಿಗೆ ಗೊತ್ತಿತ್ತು. ಆ ಪಟ್ಟಿಯನ್ನು ಮುಂಬಯಿಯಲ್ಲಿ ಯಾರೂ ಅನುಮಾನಿಸುವುದಿಲ್ಲ, ಏಕೆಂದರೆ ದಿನಕ್ಕೆರಡು ಬಾರಿ ಸಮುದ್ರ ಬಂದು ಅದಕ್ಕೆ ಸಹಿ ಹಾಕಿ ಹೋಗುತ್ತದೆ. ಅಪೊಲೊ ಬಂದರಿನಲ್ಲಿ 1878ರಿಂದ ಕಡಲಿನ ಮಟ್ಟ ಅಳೆಯುತ್ತ ಬಂದಿದ್ದಾರೆ. ಅದೇ ದಾಖಲೆಯಲ್ಲಿ ಕಡಲು ವರ್ಷಕ್ಕೆ ಸರಾಸರಿ ಒಂದು ಮಿಲಿಮೀಟರಿನ ಆಸುಪಾಸು ಏರುತ್ತಿರುವುದೂ ಇದೆ. 1993ರಿಂದೀಚೆಗೆ ಜಗತ್ತಿನ ಕಡಲುಗಳ ಸರಾಸರಿ ಏರಿಕೆ ವರ್ಷಕ್ಕೆ 3 ಮಿಲಿಮೀಟರನ್ನು ಮೀರಿದೆ. ಉಬ್ಬರದ ಪಟ್ಟಿಯ ಹಿಂದಿರುವ ಅಳತೆಯ ಶಿಸ್ತೇ ಈ ಅಂಕಿಗಳ ಹಿಂದೆಯೂ ಇರುವುದು. ಇದಕ್ಕೆ ಸಮುದ್ರ ನಿಧಾನವಾಗಿ ಸಹಿ ಹಾಕುತ್ತದೆ, ಅಷ್ಟೇ.

ಅಡುಗೆಮನೆಯಲ್ಲಿ ಗ್ರೈಂಡರುಗಳು ಒಂದು ಇಟ್ಟಿಗೆಯ ಕಟ್ಟೆಯ ಮೇಲೆ ಕುಳಿತಿದ್ದವು. 2005ರ ನಂತರ ಕಟ್ಟಿಸಿದ ಮೂರಡಿಯ ಕಟ್ಟೆ ಅದು, ನಮಗೆ ಗೊತ್ತಿತ್ತು. ಆದರೆ ಅದರ ಮೇಲೆ ಬೇರೆ ಬಣ್ಣದ ಇಟ್ಟಿಗೆಯ ಇನ್ನೆರಡು ವರಸೆಗಳಿದ್ದವು. ಯಾವಾಗ ಏರಿಸಿದಿರಿ ಎಂದು ಕೇಳಿದೆವು. 2017ರ ಆಗಸ್ಟಿನಲ್ಲಿ ಒಂದೇ ದಿನ 300 ಮಿ.ಮೀ. ಮೀರಿದ ಮಳೆ ಬಿದ್ದು ಮತ್ತೆ ನೀರು ನುಗ್ಗಿದ ಮೇಲೆ ಎಂದರು.

"ಮೂರಡಿ ಸಾಕಾಗಿತ್ತಲ್ಲ ಮಾವ?"

"ಆಗ ಸಾಕಿತ್ತು. ಮುಂದೆ ಸಾಕಾಗುದಿಲ್ಲ ಅಂತ ಕಂಡಿತು" ಎಂದು ಮಾವ ಒಂದು ಇಟ್ಟಿಗೆಯನ್ನು ಅಂಗೈಯಿಂದ ಸವರಿದರು.

ಬಳಗಕ್ಕೆ ಮತ್ತೆ ಬರಲು ಅವರು ಒಂದು ಷರತ್ತು ಹಾಕಿದರು: ಈ ಬರಹವನ್ನು ಪ್ರಕಟಿಸುವ ಮೊದಲು ಕೂಟದಲ್ಲಿ ಓದಬೇಕು, ತಪ್ಪು ಕಂಡಲ್ಲಿ ತಡೆಯುವ ಹಕ್ಕು ತಮಗಿರಬೇಕು. ಹೋದ ಭಾನುವಾರ ಓದಿದೆವು. ಯಾರೂ ನಗಲಿಲ್ಲ. ಮಾವ ಮೂರು ಕಡೆ ತಡೆದರು. ಎರಡು ವಾಕ್ಯಗಳನ್ನು ಅವರು ಹೇಳಿದಂತೆ ತಿದ್ದಿದ್ದೇವೆ. ಮೂರನೆಯದರಲ್ಲಿ ನಾವು ಅವರನ್ನು ಒಪ್ಪಿಲ್ಲ, ಅವರೂ ನಮ್ಮನ್ನು ಒಪ್ಪಿಲ್ಲ. ಅದು ಮುಂದಿನ ತಿಂಗಳಿಗೆ ಉಳಿದಿದೆ. ಅಂದು ಅವರು ಚಹಾ ಕುಡಿದೇ ಹೋದರು.